ಕರೆಂಟ್ ಹೋಯಿತಲ್ಲ, ಹೋದದ್ದು ಎಲ್ಲಿ? ಮನೆಯಿಂದ ಗ್ರಿಡ್‌ವರೆಗೆ ಪತ್ತೆ ಹಚ್ಚುವುದು ಹೇಗೆ

ಸಂಜೆ ಏಳು ಗಂಟೆ. ದಾವಣಗೆರೆಯ ನಿಟುವಳ್ಳಿ. ಒಗ್ಗರಣೆಗೆ ಸಾಸಿವೆ ಹಾಕಿದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಕಾಂಪೌಂಡ್ ಆಚೆಯಿಂದ ಪಕ್ಕದ ಮನೆ ಅಜ್ಜಿ ಕೂಗಿದರು: "ನಿಮ್ದೂ ಹೋತೇನವ್ವಾ?"

ಸುಮ್ನೆ ಕೇಳಿದ ಮಾತಲ್ಲ ಇದು. ಸಬ್‌ಸ್ಟೇಷನ್‌ನಲ್ಲಿ ಕೂತವರೂ ಮೊದಲು ಕೇಳುವುದು ಇದನ್ನೇ: ಎಲ್ಲಿಯವರೆಗೆ ಹೋಗಿದೆ? ಕತ್ತಲು ಎಷ್ಟು ಅಗಲ ಇದೆ ಅಂತ ನೋಡಿದರೆ ತಪ್ಪು ಎಲ್ಲಾಗಿದೆ ಅಂತ ಅರ್ಧ ಗೊತ್ತಾಗುತ್ತದೆ. ಅಜ್ಜಿಯ ಪ್ರಶ್ನೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗೋಣ.

ಹೆಜ್ಜೆ 1: ನಮ್ಮನೆಗೆ ಮಾತ್ರವಾ?

ಅಕ್ಕಪಕ್ಕ ಬೆಳಕಿದ್ದು ನಮ್ಮಲ್ಲಿ ಮಾತ್ರ ಕತ್ತಲಾದರೆ ಮೀಟರ್ ಬೋರ್ಡ್ ಹತ್ತಿರ ಹೋಗಿ. ಎಂಸಿಬಿ, ಅಂದರೆ ಹೊರೆ ಹೆಚ್ಚಾದರೆ ತಾನಾಗಿ ಆಫ್ ಆಗುವ ಸ್ವಿಚ್, ಕೆಳಗೆ ಬಿದ್ದಿರಬಹುದು. ಎತ್ತಿದ ಕೂಡಲೇ ಮತ್ತೆ ಬಿದ್ದರೆ ಹಟ ಮಾಡಬೇಡಿ, ಎಲೆಕ್ಟ್ರಿಷಿಯನ್‌ನ ಕರೆಸಿ.

ಒಂದು ಮನೆ ಬಿಟ್ಟು ಒಂದು ಮನೆಗೆ ಹೋಗಿದೆಯಾ? ಹಾಗಿದ್ದರೆ ಒಂದು ಫೇಸ್ ಹೋಗಿದೆ. ಬೀದಿಯ ಕಂಬದ ಮೇಲೆ ಮೂರು ಫೇಸ್ ತಂತಿ, ಒಂದು ನ್ಯೂಟ್ರಲ್ (ಕರೆಂಟ್ ಮರಳುವ ತಂತಿ), ಜೊತೆಗೆ ಬೀದಿದೀಪದ್ದೊಂದು ಇರುತ್ತವೆ. ಮನೆಗಳನ್ನು ಮೂರು ಫೇಸ್‌ಗೂ ಹಂಚಿರುತ್ತಾರೆ.

ಇನ್ನೊಂದು ಸ್ಥಿತಿ ಇದೆ, ಇದು ಮಾತ್ರ ಕತ್ತಲಿಗಿಂತ ಕೆಟ್ಟದ್ದು. ಬಲ್ಬು ಇದ್ದಕ್ಕಿದ್ದಂತೆ ಪ್ರಖರವಾಗಿ ಉರಿಯುತ್ತದೆ, ಫ್ಯಾನ್ ಹುಚ್ಚು ಹಿಡಿದಂತೆ ತಿರುಗುತ್ತದೆ, ಎದುರು ಮನೆಯಲ್ಲಿ ಅದೇ ಹೊತ್ತಿಗೆ ದೀಪ ಮಂಕಾಗುತ್ತದೆ. ನ್ಯೂಟ್ರಲ್ ಕಟ್ ಆಗಿದೆ ಅಂತ ಅರ್ಥ. 230 ವೋಲ್ಟ್ ಬರಬೇಕಾದಲ್ಲಿ 300 ದಾಟಬಹುದು. ಯೋಚಿಸುತ್ತಾ ನಿಲ್ಲಬೇಡಿ, ಮೇನ್ ಸ್ವಿಚ್ ಆಫ್ ಮಾಡಿ. ಮುಂಗಾರಿನ ಒಂದು ಗಾಳಿಮಳೆಯಲ್ಲಿ ನಾನು "ಏನಿದು, ಬೆಳಕು ಜಾಸ್ತಿ ಆಯ್ತಲ್ಲ" ಅಂತ ಅರ್ಧ ನಿಮಿಷ ನೋಡುತ್ತಾ ನಿಂತೆ. ಆ ಅರ್ಧ ನಿಮಿಷದ ಬೆಲೆ ಒಂದು ಟಿವಿ, ಒಂದು ಸೆಟ್‌ಟಾಪ್ ಬಾಕ್ಸ್.

ಹೆಜ್ಜೆ 2: ಬೀದಿಗೆಲ್ಲಾ ಹೋಗಿದೆಯಾ?

ಹಾಗಾದರೆ ಟಿಸಿ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರ್ ನೋಡಿ. 11 ಸಾವಿರ ವೋಲ್ಟ್ ಇಲ್ಲಿ ಇಳಿದು ನಮ್ಮ ಮನೆಗೆ ತಕ್ಕಷ್ಟಾಗುತ್ತದೆ. ಟಿಸಿ ಮೇಲೆ ಕೊಳವೆಯಂಥ ಮೂರು ಫ್ಯೂಸ್‌ಗಳು ಸಾಲಾಗಿದ್ದರೆ ಅವು ಡಿಒ, ಅಂದರೆ ಡ್ರಾಪ್ ಔಟ್ ಫ್ಯೂಸ್. ಫ್ಯೂಸ್ ಕರಗಿದರೆ ಕೊಳವೆ ತಾನಾಗಿ ಕಳಚಿ ಕೆಳಕ್ಕೆ ಜೋತು ಬೀಳುತ್ತದೆ. ರಸ್ತೆಯಲ್ಲಿ ನಿಂತೇ ಕಾಣುತ್ತದೆ. ಹತ್ತಿರ ಹೋಗುವುದೇ ಬೇಡ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಹೇಳಿ, "ಡಿಒ ಬಿದ್ದಿದೆ" ಅನ್ನಿ. "ಕರೆಂಟ್ ಇಲ್ಲ" ಅನ್ನುವುದಕ್ಕಿಂತ ಇದು ನೂರು ಪಾಲು ಉಪಯೋಗದ ಮಾತು.

ಟಿಸಿ ಸುಡುವುದು ಏಕೆ? ನಮ್ಮ ಕಡೆ ದೊಡ್ಡ ಕಾರಣ ಬೋರ್‌ವೆಲ್. ಹೊಳಲ್ಕೆರೆ ಹತ್ತಿರ ನಮ್ಮ ಸಂಬಂಧಿಕರ ಅಡಿಕೆ ತೋಟವಿದೆ. ತ್ರೀ ಫೇಸ್ ಬರುವ ಹೊತ್ತಿಗೆ ಯಾರೂ ತೋಟದಲ್ಲಿ ಇರುವುದಿಲ್ಲ, ಎಲ್ಲರದ್ದೂ ಆಟೋ ಸ್ಟಾರ್ಟರ್. ಕರೆಂಟ್ ಬಂದ ಆ ಕ್ಷಣಕ್ಕೆ ಹತ್ತು ಹನ್ನೆರಡು ಮೋಟರ್ ಒಟ್ಟಿಗೆ ಎದ್ದು ಕೂರುತ್ತವೆ. ಮೋಟರ್ ಓಡುವಾಗ ಎಳೆಯುವ ಕರೆಂಟ್‌ಗಿಂತ ಶುರುವಾಗುವಾಗ ಎಳೆಯುವುದು ಐದಾರು ಪಟ್ಟು ಜಾಸ್ತಿ. ಟಿಸಿ ಒಮ್ಮೆ ನರಳುತ್ತದೆ, ಆ ಸದ್ದು ದೂರಕ್ಕೂ ಕೇಳುತ್ತದೆ. ಒಂದೇ ಬೇಸಿಗೆಯಲ್ಲಿ ಅಲ್ಲಿ ಎರಡು ಸಲ ಸುಟ್ಟಿತು.

ಹೆಜ್ಜೆ 3: ಇಡೀ ಏರಿಯಾ ಕತ್ತಲಾ?

ಹೋಗುವ ಮೊದಲು ಒಂದೆರಡು ಸಲ ಬಂದು ಬಂದು ಹೋಯಿತಾ? ಹಾಗಿದ್ದರೆ ಫೀಡರ್ ಟ್ರಿಪ್ ಆಗಿದೆ. ಸಬ್‌ಸ್ಟೇಷನ್‌ನಿಂದ ಹೊರಡುವ ಒಂದೊಂದು 11 ಕೆವಿ (11 ಸಾವಿರ ವೋಲ್ಟ್) ಲೈನ್‌ಗೂ ಫೀಡರ್ ಅನ್ನುತ್ತಾರೆ. ಎಲ್ಲೋ ಕೊಂಬೆ ತಾಗಿದೆ, ಅಳಿಲು ಓಡಾಡಿದೆ, ಗಾಳಿಪಟದ ದಾರ ಸುತ್ತಿದೆ. ಸಬ್‌ಸ್ಟೇಷನ್‌ನ ಬ್ರೇಕರ್, ಅಂದರೆ ಲೈನ್ ಕಡಿಯುವ ದೊಡ್ಡ ಸ್ವಿಚ್, ಬಿತ್ತು. ಕೊಂಬೆ ಜಾರಿರಬಹುದು ಅಂತ ಮತ್ತೆ ಚಾರ್ಜ್ ಮಾಡಿ (ಕರೆಂಟ್ ಬಿಟ್ಟು) ನೋಡುತ್ತಾರೆ. ನಿಲ್ಲದಿದ್ದರೆ ಲೈನ್‌ಮನ್ ಬೈಕ್ ಹತ್ತಿ ಕಂಬದಿಂದ ಕಂಬಕ್ಕೆ ನೋಡುತ್ತಾ ಹೋಗಬೇಕು.

ಅವರು ಕಂಬ ಹತ್ತುವ ಮೊದಲು ಎಲ್‌ಸಿ ತೆಗೆದುಕೊಳ್ಳುತ್ತಾರೆ. ಲೈನ್ ಬಂದ್ ಆಗಿದೆ, ನಾನು ಹೇಳುವವರೆಗೆ ಹಾಕಬೇಡಿ ಅನ್ನುವ ಒಪ್ಪಂದ ಅದು. ನಾವು ಮನೆಯಲ್ಲಿ ಕೂತು ಆ ಒಪ್ಪಂದ ಮುರಿಯಬಹುದು, ಗೊತ್ತಾ? ಲೈನ್ ಅಥವಾ ಜನರೇಟರ್ ಒಂದನ್ನೇ ಮನೆಗೆ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ಹಾಕಿದರೆ ಕರೆಂಟ್ ಸರ್ವಿಸ್ ವೈರಿನಲ್ಲಿ ವಾಪಸ್ ಹರಿಯುತ್ತದೆ. ಟಿಸಿಗೆ ಹಿಂದಿನಿಂದ ಹೋದರೆ ಆ ಕಡೆ 11 ಸಾವಿರ ವೋಲ್ಟ್ ಆಗಿ ಏಳುತ್ತದೆ. ಕಂಬದ ಮೇಲೆ ಮನುಷ್ಯ ಇರುತ್ತಾನೆ.

ಹೆಜ್ಜೆ 4: ಬಿಲ್ಲೆ ಎಣಿಸಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವಾಗ ಬಸ್ಸಿನ ಕಿಟಕಿ ಪಕ್ಕ ಕೂತು ಇದನ್ನು ಮಾಡಿ. ಟವರ್‌ನಿಂದ ತಂತಿಯನ್ನು ತೂಗುಹಾಕಿರುವ ಬಿಲ್ಲೆಗಳ (ಇನ್ಸುಲೇಟರ್‌ಗಳ) ಸರ ನೋಡಿ. ಐದಾರು ಬಿಲ್ಲೆ ಇದ್ದರೆ 66 ಕೆವಿ. ಹದಿಮೂರು ಹದಿನಾಲ್ಕು ಇದ್ದರೆ 220 ಕೆವಿ. ಎಣಿಸುವಷ್ಟರಲ್ಲಿ ಬಸ್ ಮುಂದೆ ಹೋಯಿತು, ಇಪ್ಪತ್ತರ ಮೇಲಿರಬೇಕು ಅನಿಸಿದರೆ 400 ಕೆವಿ. ಹರಿಹರದ ಹತ್ತಿರ ಗುತ್ತೂರಿನಲ್ಲಿ, ಆಚೆ ಹಿರಿಯೂರಿನಲ್ಲಿ 400 ಕೆವಿ ಸ್ಟೇಷನ್‌ಗಳಿವೆ.

ಇಷ್ಟೊಂದು ವೋಲ್ಟೇಜ್ ಏಕೆ? ತಂತಿ ಬಿಸಿಯಾಗಿ ಸೋರಿಹೋಗುವುದು ಕರೆಂಟಿನ ವರ್ಗಕ್ಕೆ, ಅಂದರೆ ಅದನ್ನು ಅದರಿಂದಲೇ ಗುಣಿಸಿದಷ್ಟಕ್ಕೆ ತಕ್ಕಂತೆ. ವೋಲ್ಟೇಜ್ ಹತ್ತು ಪಟ್ಟು ಏರಿಸಿದರೆ ಅಷ್ಟೇ ವಿದ್ಯುತ್ತಿಗೆ ಕರೆಂಟ್ ಹತ್ತನೇ ಒಂದು ಪಾಲು ಸಾಕು, ಸೋರಿಕೆ ನೂರನೇ ಒಂದು ಪಾಲಿಗೆ ಇಳಿಯುತ್ತದೆ. ನಮ್ಮವರಿಗೆ ಇದು ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ಕರೆಂಟನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದಿದ್ದರು.

ಹೆಜ್ಜೆ 5: ಹಂತಿಯ ಲೆಕ್ಕ

ಇಲ್ಲಿಂದ ಕಣ್ಣಿಗೆ ಕಾಣದ ಭಾಗ. ಗ್ರಿಡ್ ಅಂದರೆ ವಿದ್ಯುತ್ ಕೇಂದ್ರಗಳನ್ನೂ ಊರುಗಳನ್ನೂ ಜೋಡಿಸಿದ ಲೈನ್‌ಗಳ ಜಾಲ. ಅದು ಕೆರೆಯಲ್ಲ, ಕರೆಂಟ್ ತುಂಬಿಸಿಟ್ಟು ಬೇಕಾದಾಗ ತೂಬು ಎತ್ತುವುದಕ್ಕೆ. ಈ ಕ್ಷಣ ನಾವು ಉರಿಸುವಷ್ಟನ್ನು ಈ ಕ್ಷಣವೇ ಎಲ್ಲೋ ಹುಟ್ಟಿಸಬೇಕು. ಬ್ಯಾಟರಿಗಳು ಬರುತ್ತಿವೆ, ಆದರೆ ಹೊರೆಯ ಮುಂದೆ ಅವಿನ್ನೂ ಚಿಕ್ಕವು.

ಕಣದಲ್ಲಿ ಹಂತಿ ಹೊಡೆಯುವುದನ್ನು, ಅಂದರೆ ಎತ್ತುಗಳಿಂದ ತೆನೆ ತುಳಿಸುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. (ಈಗ ಬಿಡಿ, ತೆನೆಯನ್ನು ಟಾರ್ ರೋಡಿಗೆ ಹರವಿ ಲಾರಿ ಹತ್ತಿಸುವ ಕಾಲ.) ಮೇಟಿ ಕಂಬಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿರುತ್ತಾರೆ. ಮೇಟಿ ಪಕ್ಕದ ಎತ್ತು ನಿಧಾನ, ಹೊರಗಿನದು ಬಿರುಸು, ಆದರೆ ಸುತ್ತು ಎಲ್ಲಕ್ಕೂ ಒಂದೇ. ಗ್ರಿಡ್‌ನಲ್ಲೂ ಹಾಗೇ. ಶರಾವತಿಯ ನೀರಿನ ಟರ್ಬೈನ್ ನಿಧಾನ, ರಾಯಚೂರಿನ ಕಲ್ಲಿದ್ದಲ ಟರ್ಬೈನ್ ಬಿರುಸು. ತಾಳ ಮಾತ್ರ ಒಂದೇ: ಸೆಕೆಂಡಿಗೆ 50 ಆವರ್ತ, ಅಂದರೆ 50 ಹರ್ಟ್ಸ್. ಹೊರೆ ಜಾಸ್ತಿಯಾದರೆ ಎಲ್ಲವೂ ಒಟ್ಟಿಗೆ ನಿಧಾನವಾಗುತ್ತವೆ, ಕಡಿಮೆಯಾದರೆ ಒಟ್ಟಿಗೆ ಓಡುತ್ತವೆ. ನಮ್ಮ ದೇಶದಲ್ಲಿ ಇದನ್ನು 49.90ರಿಂದ 50.05ರ ಒಳಗೆ ಇಡಬೇಕು ಅನ್ನುವುದು ನಿಯಮ. ಲೋಡ್ ಡಿಸ್ಪ್ಯಾಚ್ ಸೆಂಟರ್‌ನಲ್ಲಿ ಹಗಲೂ ರಾತ್ರಿ ಕೂತವರ ಕಣ್ಣು ಈ ಸಂಖ್ಯೆಯ ಮೇಲೇ.

2020ರ ಏಪ್ರಿಲ್ 5 ನೆನಪಿದೆಯಾ? ರಾತ್ರಿ 9ಕ್ಕೆ ಒಂಬತ್ತು ನಿಮಿಷ ದೀಪ ಆರಿಸಿದೆವು. ದೇಶದ ಬೇಡಿಕೆ ಕೆಲವೇ ನಿಮಿಷಗಳಲ್ಲಿ 30 ಸಾವಿರ ಮೆಗಾವಾಟ್‌ಗೂ ಹೆಚ್ಚು ಕುಸಿಯಿತು. ಕೈಹಿಡಿದದ್ದು ಜಲವಿದ್ಯುತ್. ಕಲ್ಲಿದ್ದಲ ಘಟಕವನ್ನು ಹಾಗೆ ಏಕಾಏಕಿ ಇಳಿಸಿ ಏರಿಸಲಾಗದು, ನೀರನ್ನು ಮಾಡಬಹುದು.

ನಮ್ಮ ಸುತ್ತ ಈ ಆಟ ದಿನಾ ನಡೆಯುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೆ ಮುಂಗಾರು ಬಂದರೆ ಹಬ್ಬ, ಮಾರ್ಚಿನಲ್ಲಿ ತೂಕಡಿಕೆ. ಪಕ್ಕದ ಪಾವಗಡದ ಸೋಲಾರ್ ಪಾರ್ಕ್ 2050 ಮೆಗಾವಾಟಿನದು, ಹೊತ್ತು ಮುಳುಗಿದರೆ ಸೊನ್ನೆ. ಅದೇ ಹೊತ್ತಿಗೆ ನಾವು ದೀಪ, ಟಿವಿ, ಮಿಕ್ಸಿ ಹಾಕುತ್ತೇವೆ. ಶರಾವತಿಯ 1035 ಮೆಗಾವಾಟ್ ಆಗ ಹೆಗಲು ಕೊಡಬೇಕು. 2023ರಂತೆ ಮಳೆ ಕೈಕೊಟ್ಟರೆ ಏಟು ಎರಡು ಕಡೆಯಿಂದ ಬೀಳುತ್ತದೆ. ಜಲಾಶಯದಲ್ಲಿ ನೀರಿಲ್ಲ, ಹೊಲದಲ್ಲಿ ಪಂಪ್‌ಸೆಟ್ ನಿಲ್ಲುವುದಿಲ್ಲ. ನನ್ನ ಪ್ರಕಾರ ನಮ್ಮ ಗ್ರಿಡ್‌ನ ದೊಡ್ಡ ಶತ್ರು ಹ್ಯಾಕರ್ ಅಲ್ಲ, ಬರಗಾಲ.

ಹೆಜ್ಜೆ 6: ಊರೂರೇ ಕತ್ತಲಾದರೆ?

2012ರ ಜುಲೈ 30ರ ನಸುಕಿನಲ್ಲಿ ಬೀನಾ-ಗ್ವಾಲಿಯರ್ 400 ಕೆವಿ ಲೈನ್ ಟ್ರಿಪ್ ಆಯಿತು. ಲೈನ್‌ನಲ್ಲಿ ತಪ್ಪೇನೂ ಇರಲಿಲ್ಲ. ಹೊರೆ ಎಷ್ಟು ಜಾಸ್ತಿಯಾಗಿತ್ತೆಂದರೆ, ಕಾವಲಿಗಿದ್ದ ರಿಲೇ ಅದನ್ನೇ ಶಾರ್ಟ್ ಸರ್ಕ್ಯೂಟ್ ಅಂದುಕೊಂಡಿತು. ಆ ಹೊರೆ ಪಕ್ಕದ ಲೈನ್‌ಗಳ ಮೇಲೆ ಬಿತ್ತು, ಅವೂ ಬಿದ್ದವು. ಉತ್ತರ ಭಾರತ ಪೂರ್ತಿ ಕತ್ತಲು. ಮಾರನೇ ದಿನ ಮತ್ತೆ ಅದೇ ಲೈನ್. ಈ ಸಲ ಉತ್ತರ, ಪೂರ್ವ, ಈಶಾನ್ಯ ಮೂರೂ ಹೋದವು. 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶ.

ದಾವಣಗೆರೆಯಲ್ಲಿ ನಮಗೆ ಅದು ತಟ್ಟಲೇ ಇಲ್ಲ. ಆಗ ದಕ್ಷಿಣದ ಹಂತಿಯೇ ಬೇರೆ ಇತ್ತು. ಉತ್ತರದ ಜೊತೆ ಕೊಡುಕೊಳ್ಳುವಿಕೆ ಇದ್ದದ್ದು ಡಿಸಿ (ಒಂದೇ ದಿಕ್ಕಿಗೆ ಹರಿಯುವ, ತಾಳವಿಲ್ಲದ ಕರೆಂಟಿನ) ಲೈನ್‌ಗಳಲ್ಲಿ, ತಾಳ ಬೇರೆ ಬೇರೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ ಮೂಲಕ ದೇಶವೆಲ್ಲಾ ಒಂದೇ ಮೇಟಿಗೆ ಕಟ್ಟಿದಂತಾಯಿತು. ಈಗ ಬರ ಬಂದರೆ ಉತ್ತರದಿಂದ ಕರೆಂಟ್ ತರಿಸಬಹುದು. ಆ ಕಡೆ ಎಡವಿದರೆ ಹಗ್ಗ ನಮ್ಮ ಕೊರಳಿಗೂ ಜಗ್ಗುತ್ತದೆ. ಅದಕ್ಕೇ ತಾಳ ತೀರಾ ಇಳಿದರೆ ಕೆಲವು ಫೀಡರ್‌ಗಳನ್ನು ರಿಲೇಗಳು ತಾವಾಗಿ ಕತ್ತರಿಸುತ್ತವೆ. ಯಾರನ್ನೂ ಕೇಳುವುದಿಲ್ಲ. ಒಂದು ಊರನ್ನು ಕತ್ತಲಿಗೆ ದೂಡಿ ರಾಜ್ಯವನ್ನು ಉಳಿಸುವ ಲೆಕ್ಕ.

ಬೇರೆ ಅಪಾಯಗಳೂ ಇವೆ. 2015ರ ಡಿಸೆಂಬರ್‌ನಲ್ಲಿ ಯುಕ್ರೇನ್‌ನಲ್ಲಿ ಹ್ಯಾಕರ್‌ಗಳು ದೂರದಿಂದಲೇ ಬ್ರೇಕರ್ ಬೀಳಿಸಿ ಎರಡು ಲಕ್ಷಕ್ಕೂ ಹೆಚ್ಚು ಗ್ರಾಹಕರನ್ನು ಕತ್ತಲಲ್ಲಿಟ್ಟರು. ಸಿಬ್ಬಂದಿ ಸ್ಟೇಷನ್‌ಗಳಿಗೆ ಓಡಿ ಕೈಯಿಂದ ಬ್ರೇಕರ್ ಹಾಕಿದರು. 1989ರ ಮಾರ್ಚ್‌ನಲ್ಲಿ ಸೌರ ಬಿರುಗಾಳಿಗೆ ಕೆನಡಾದ ಕ್ವಿಬೆಕ್ ಪ್ರಾಂತ್ಯ ಸುಮಾರು ಒಂಬತ್ತು ಗಂಟೆ ಕತ್ತಲಾಯಿತು. ನಮ್ಮ ಹಳ್ಳಿಗಳಲ್ಲಿ ಟಿಸಿ ಎಣ್ಣೆ ಕದಿಯುವವರು ಸಾಕು.

ಎಲ್ಲಾ ಬಿದ್ದ ಮೇಲೆ ಏಳುವುದು ನೀರಿನಿಂದ. ಕಲ್ಲಿದ್ದಲ ಘಟಕ ಶುರುವಾಗಲು ಅದರ ಫ್ಯಾನು, ಪಂಪುಗಳಿಗೇ ಕರೆಂಟ್ ಬೇಕು. ಜಲವಿದ್ಯುತ್‌ಗೆ ಬೇಕಾದದ್ದು ಕಡಿಮೆ. ಒಂದು ಟರ್ಬೈನ್ ತಿರುಗಿಸಿ, ಒಂದು ಲೈನ್ ಚಾರ್ಜ್ ಮಾಡಿ, ಸ್ವಲ್ಪ ಸ್ವಲ್ಪವೇ ಹೊರೆ ಸೇರಿಸುತ್ತಾ ಹೋಗುತ್ತಾರೆ.

ಕರೆಂಟ್ ಬಂದ ಮೇಲೆ

ನಾವೂ ಹಾಗೇ ಮಾಡಬೇಕು. ಮೊದಲು ದೀಪ, ಫ್ಯಾನ್. ಎರಡು ಮೂರು ನಿಮಿಷ ಬಿಟ್ಟು ಫ್ರಿಜ್. ಗೀಸರ್ ಕೊನೆಗೆ. ಬೋರ್ ಇದ್ದವರು ಆಟೋ ಸ್ಟಾರ್ಟರ್‌ಗೆ ಟೈಮರ್ ಹಾಕಿಸಿ, ಒಬ್ಬೊಬ್ಬರದ್ದು ಒಂದೊಂದು ಹೊತ್ತಿಗೆ ಇಡಿ. ಹೊಳಲ್ಕೆರೆ ಕಡೆಯ ನಮ್ಮವರು ಎರಡನೇ ಸಲ ಟಿಸಿ ಸುಟ್ಟ ಮೇಲೆ ಅರಳಿಕಟ್ಟೆ ಮೇಲೆ ಕೂತು ಚೀಟಿ ಬರೆದು ಹಂಚಿಕೊಂಡರು, ಒಬ್ಬರಿಗೂ ಇನ್ನೊಬ್ಬರಿಗೂ ಎರಡು ನಿಮಿಷದ ಅಂತರ. ಮುಂದಿನ ಬೇಸಿಗೆ ಪೂರ್ತಿ ಟಿಸಿ ನಿಂತಿತು. ಆಮೇಲೆ ಪಕ್ಕದ ತೋಟದಲ್ಲಿ ಹೊಸ ಬೋರ್ ಬಿತ್ತು. ಅವರು ಚೀಟಿ ತೆಗೆದುಕೊಳ್ಳಲು ಇನ್ನೂ ಬಂದಿಲ್ಲ.