ಮಾತು ಬಾರದ ಮಗು ಏನು ಹೇಳುತ್ತಿದೆ? ಬೆರಳಿಗಿಂತ ಕಣ್ಣು ನೋಡಿ

ಹಸಿದ ಕೂಸು ಮೊದಲಿಗೇ ಅಳುವುದಿಲ್ಲ. ತುಟಿ ಚಪ್ಪರಿಸುತ್ತದೆ, ಕೈ ಬಾಯಿಗೆ ಒಯ್ಯುತ್ತದೆ, ಕೆನ್ನೆಗೆ ಏನಾದರೂ ತಾಗಿದರೆ ಅತ್ತ ತಿರುಗಿ ಬಾಯಿ ತೆರೆಯುತ್ತದೆ. ಇದ್ಯಾವುದೂ ಯಾರ ಕಣ್ಣಿಗೂ ಬೀಳದಿದ್ದಾಗ ಅಳು. ಜೋರಾಗಿ ಅಳುವ ಕೂಸು ಸರಿಯಾಗಿ ಹಾಲು ಕುಡಿಯುವುದಿಲ್ಲ. ಎದೆಗೆ ಒರಗಿಸಿ ಸಮಾಧಾನ ಮಾಡಿ, ಆಮೇಲೆ ಕುಡಿಸಿ. ಬಿಗಿದ ಮುಷ್ಟಿ ಸಡಿಲವಾಗಿ ಮುಖ ತಿರುಗಿಸಿತೆಂದರೆ ಹೊಟ್ಟೆ ತುಂಬಿದೆ. ಹುಬ್ಬು ಕೆಂಪಾಗಿ, ಎತ್ತಲೋ ನೋಡುತ್ತಾ ಕಣ್ಣುಜ್ಜಿಕೊಂಡರೆ ನಿದ್ದೆ.

ಸುಮಾರು ಆರನೇ ವಾರದಲ್ಲಿ ಸಂಜೆಯ ಅಳು ಅತಿ ಹೆಚ್ಚು. 3–4 ತಿಂಗಳ ಹೊತ್ತಿಗೆ ಇಳಿಯುತ್ತದೆ. ದೃಷ್ಟಿ ತಾಗಿದೆಯೆಂದು ಮೆಣಸಿನಕಾಯಿ ನಿವಾಳಿಸುವ ಮುನ್ನ ಥರ್ಮಾಮೀಟರ್ ಇಡಿ: 3 ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.

9ರಿಂದ 12 ತಿಂಗಳ ನಡುವೆ ತೋರುಬೆರಳು ಮೇಲೇಳುತ್ತದೆ. ಮನೆಯವರಿಗೆ ಹೆಚ್ಚಿನ ಗೊಂದಲ ಇಲ್ಲೇ. ಮಗು ಬೆರಳು ಮಾಡುವುದು 'ಕೊಡು' ಎನ್ನಲಿಕ್ಕೂ ಹೌದು, 'ನೋಡು' ಎನ್ನಲಿಕ್ಕೂ ಹೌದು. ಕೊಡು ಎನ್ನುವಾಗ ಕಣ್ಣು ವಸ್ತುವಿನ ಮೇಲೇ ನೆಟ್ಟಿರುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಅಂಗೈ ತೆರೆದು ಮುಚ್ಚುತ್ತದೆ. ನೋಡು ಎನ್ನುವಾಗ ವಸ್ತು ನೋಡಿ, ನಿಮ್ಮ ಮುಖ ನೋಡಿ, ಮತ್ತೆ ವಸ್ತುವಿಗೆ ಮರಳುತ್ತದೆ. ಕಿಟಕಿಯಾಚೆಯ ಕಾಗೆ ತೋರಿಸಿದ ಮಗುವಿನ ಕೈಗೆ ಬಿಸ್ಕತ್ತು ಇಟ್ಟರೆ ಎಸೆಯದೆ ಇನ್ನೇನು ಮಾಡೀತು? ಅದಕ್ಕೆ ಹಟಮಾರಿ ಎಂಬ ಹೆಸರು ಬೇರೆ. 'ಹೂಂ, ಕಾಗೆ! ಕಾಕಾ' ಎಂದಿದ್ದರೆ ಸಾಕಿತ್ತು.

ಏನೆಂದು ತಿಳಿಯದಿದ್ದರೆ ಮೊದಲು ನೆಲದ ಮೇಲೆ ಕೂತು ಮಗುವಿನ ಕಣ್ಣಿನ ಎತ್ತರಕ್ಕೆ ಬನ್ನಿ. ನಿಂತವರಿಗೆ ಮೇಜಿನ ಮೇಲಿನ ಲೋಟ ಕಾಣುತ್ತದೆ. ಮಗುವಿಗೆ ಕಾಣುವುದು ಮೇಜಿನಡಿ ಉರುಳಿದ ಚೆಂಡು. ಒಂದೇ ಊಹೆ ಹೇಳಿ: 'ಚೆಂಡು ಬೇಕಾ?' ಹೇಳಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ತುಂಬಿದ ಮನೆಯಲ್ಲಿ ಈ ಸುಮ್ಮನಿರುವುದೇ ಕಷ್ಟ: ಅಜ್ಜಿ 'ನೀರಾ?' ಎನ್ನುತ್ತಾರೆ, ಅತ್ತೆ 'ಹಾಲಾ?', ಅಪ್ಪ 'ಹೊರಗೆ ಹೋಗೋಣ್ವಾ?'. ಮೊದಲನೆಯದು ತಲೆಗಿಳಿಯುವಷ್ಟರಲ್ಲಿ ಮೂರನೆಯದು ಬಂದಿರುತ್ತದೆ. ಊಹೆ ಸರಿಯಿದ್ದರೆ ಮಗುವಿನ ಮೈ ಸಡಿಲವಾಗುತ್ತದೆ. ತಪ್ಪಿದ್ದರೆ ಅದೇ ಸನ್ನೆ, ಇನ್ನೂ ಜೋರಾಗಿ. ಆಗ ಎರಡು ವಸ್ತುಗಳನ್ನು ಒಂದೊಂದು ಕೈಯಲ್ಲಿ ಹಿಡಿದು ತೋರಿಸಿ. ಬರೀ ಬಾಯಲ್ಲಿ 'ಬಾಳೆಹಣ್ಣಾ, ಇಡ್ಲಿಯಾ?' ಎಂದು ಕೇಳಿದರೆ ಎರಡು ವರ್ಷದ ಮಗು ಬಹಳ ಸಲ ಕೊನೆಗೆ ಕೇಳಿಸಿದ್ದನ್ನೇ ಹೇಳಿಬಿಡುತ್ತದೆ.

ಪದ ಬಂದ ಮೇಲೂ ಸುತ್ತಮುತ್ತ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. 'ಹಾಲು' ಎಂದರೆ ಬೇಕು, ಚೆಲ್ಲಿತು, ಹಾಲಿನವರು ಬಂದರು, ಯಾವುದೂ ಆಗಬಹುದು. ಕ ಬದಲು ತ, ರ ಬದಲು ಲ ಬಂದು 'ಕಾರು' 'ತಾಲು' ಆಗುವುದು ಈ ವಯಸ್ಸಿಗೆ ಸಹಜ. ಸರಿಯಾಗಿ ಹೇಳಿದರೆ ಮಾತ್ರ ಕೊಡುತ್ತೇನೆಂದು ತಡೆಹಿಡಿದರೆ ಮಾತಿನ ಬದಲು ಅಳು ಬರುತ್ತದೆ; 'ಹೂಂ, ಕಾರು, ಕೆಂಪು ಕಾರು' ಎಂದು ನೀವೇ ಸರಿಯಾಗಿ ಹೇಳಿ ಮುಂದುವರಿಸಿ. ಕೆಲವು ಮಕ್ಕಳು 'ನಿಂಗೆ ಬೇಕು' ಎನ್ನುವುದು ತಮಗೆ ಬೇಕಾದಾಗ. ಎಲ್ಲರೂ ಅವಕ್ಕೆ 'ನಿಂಗೆ ಬೇಕಾ?' ಎಂದೇ ಕೇಳುತ್ತಾರಲ್ಲ!

12 ತಿಂಗಳಿಗೆ ಬೆರಳು ತೋರಿಸುವುದು, ಟಾಟಾ ಮಾಡುವುದು ಯಾವುದೂ ಇಲ್ಲ, 16 ತಿಂಗಳಿಗೆ ಒಂದು ಪದವೂ ಇಲ್ಲ, 2 ವರ್ಷಕ್ಕೆ 'ಅಪ್ಪ ಬಾ' ಎಂಬಂಥ ಜೋಡಿಪದವಿಲ್ಲ, ಅಥವಾ ಬಂದ ಮಾತು ನಿಂತುಹೋಯಿತು ಎಂದಾದರೆ ಮಕ್ಕಳ ವೈದ್ಯರಿಗೆ ತೋರಿಸಿ. 'ಅವರಪ್ಪನೂ ತಡವಾಗಿಯೇ ಮಾತಾಡಿದ್ದು' ಎಂದು ಮುಂದೂಡಬೇಡಿ. ಶ್ರವಣ ಪರೀಕ್ಷೆ ಮೊದಲು ಆಗಲಿ. ಮನೆಯಲ್ಲಿ ಚಪ್ಪಾಳೆ ತಟ್ಟಿ ನೋಡಿದರೆ ಸಾಲದು, ಅರೆಬರೆ ಕೇಳುವ ಮಗುವೂ ಜೋರು ಸದ್ದಿಗೆ ತಿರುಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡರ ತಪಾಸಣೆಯೂ ಒಂದೇ ಕಡೆ ಆಗುತ್ತದೆ.