ಸೆಕೆಂಡಿನ ಲೆಕ್ಕ ಕೊಡುವ ಹರಳು: ಮನೆಯಲ್ಲೇ ಕ್ರಿಸ್ಟಲ್ ಆಸಿಲೇಟರ್ ಕಟ್ಟಿ

ಮೈಸೂರಿನ ದೊಡ್ಡ ಗಡಿಯಾರ ಕಟ್ಟಿದ್ದು 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ. ಅದೇ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾರೆನ್ ಮ್ಯಾರಿಸನ್ ಮೊದಲ ಕ್ವಾರ್ಟ್ಜ್ ಗಡಿಯಾರ ನಡೆಸಿದರು. ಅವರ ಯಂತ್ರ ಮಾಡುತ್ತಿದ್ದ ಕೆಲಸವನ್ನು ಇವತ್ತು ಕೆಟ್ಟ ಗೋಡೆ ಗಡಿಯಾರದಿಂದ ಕಳಚಿದ ಒಂದು ಹರಳಿನಿಂದ ಮಾಡಿಸಬಹುದು.

ಶಾಲೆ, ಡಿಪ್ಲೊಮಾ ಮಕ್ಕಳ ಬಹುತೇಕ ಪ್ರಾಜೆಕ್ಟ್‌ಗಳಲ್ಲಿ ಸಮಯಕ್ಕೆ 555 ಎಂಬ ಟೈಮರ್ ಐಸಿಯನ್ನೇ ಹಾಕುತ್ತಾರೆ. ಎಲ್‌ಇಡಿ ಮಿನುಗಿಸಲು ಅದು ಸಾಕು. ಗಡಿಯಾರಕ್ಕೆ ಮಾತ್ರ ಖಂಡಿತ ಸಾಲದು. ಅದರ ವೇಗ ರೆಸಿಸ್ಟರ್, ಕೆಪಾಸಿಟರ್‌ಗಳ ಮೌಲ್ಯವನ್ನು ನಂಬಿಕೊಂಡಿರುತ್ತದೆ, ಆ ಮೌಲ್ಯಗಳೋ ಶೇಕಡಾ ಐದು ಹತ್ತು ಆಚೀಚೆ. ಹರಳಿನ ವ್ಯತ್ಯಾಸ ಹತ್ತು ಲಕ್ಷಕ್ಕೆ 20 ಭಾಗ, ಅಂದರೆ ದಿನಕ್ಕೆ ಎರಡು ಸೆಕೆಂಡಿಗೂ ಕಡಿಮೆ.

ಗಡಿಯಾರದ ಹರಳು ಬೆಳ್ಳಿ ಬಣ್ಣದ ಪುಟ್ಟ ಕೊಳವೆ. ಒಳಗೆ ಶ್ರುತಿಕವೆಯ ಆಕಾರಕ್ಕೆ ಕತ್ತರಿಸಿದ ಕ್ವಾರ್ಟ್ಜ್ ಇದೆ. ಅದಕ್ಕೆ ವಿದ್ಯುತ್ ಕೊಟ್ಟರೆ ಬಾಗುತ್ತದೆ, ಬಾಗಿದರೆ ವಿದ್ಯುತ್ ಕೊಡುತ್ತದೆ. ಬಾಗಿದರೆ ವಿದ್ಯುತ್ ಕೊಡುವ ಗುಣವನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದರು. ನಮ್ಮ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆಯೇ ಇದು. ಹಾಗಾಗಿ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದಕ್ಕೆ ಬಂದು ನಿಲ್ಲುತ್ತದೆ.

ಬೇಕಾದವು: ಸಿಡಿ4060 ಐಸಿ, ಹರಳು, 10 ಮೆಗಾಓಮ್ ಮತ್ತು 330 ಕಿಲೋಓಮ್ ರೆಸಿಸ್ಟರ್, 22 ಪಿಕೋಫ್ಯಾರಡ್‌ನ ಎರಡು ಸೆರಾಮಿಕ್ ಕೆಪಾಸಿಟರ್, 104 ಎಂದು ಬರೆದ ಒಂದು ಕೆಪಾಸಿಟರ್, 5 ವೋಲ್ಟ್ ಸಪ್ಲೈ. 4060 ಒಳಗೆ ಆಸಿಲೇಟರ್‌ಗೆ (ಹರಳನ್ನು ಕಂಪಿಸುತ್ತಲೇ ಇಡುವ ಸರ್ಕ್ಯೂಟ್‌ಗೆ) ಬೇಕಾದ ಇನ್ವರ್ಟರೂ ಇದೆ, ಹದಿನಾಲ್ಕು ಸಲ ಅರ್ಧ ಮಾಡುವ ಕೌಂಟರೂ ಇದೆ. ಮೊದಲ ಸಲ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಐಸಿ ನನಗೆ ಗೊತ್ತಿಲ್ಲ.

ಮೊದಲು ಸಪ್ಲೈ. 16ನೇ ಪಿನ್‌ಗೆ ಪ್ಲಸ್, 8ಕ್ಕೆ ಗ್ರೌಂಡ್, ಎರಡರ ನಡುವೆ 104. 12ನೇ ಪಿನ್ ರೀಸೆಟ್, ಅದನ್ನು ಮರೆಯದೆ ಗ್ರೌಂಡ್‌ಗೆ ಸೇರಿಸಿ. ಎಲ್ಲಿಗೂ ಸೇರಿಸದೆ ತೇಲಲು ಬಿಟ್ಟರೆ ಕೌಂಟರ್ ಯಾವಾಗ ಬೇಕಾದರೂ ನಿಂತುಬಿಡುತ್ತದೆ.

ಆಮೇಲೆ ಹರಳು. 10 ಮತ್ತು 11ನೇ ಪಿನ್‌ಗಳ ನಡುವೆ 10 ಮೆಗಾಓಮ್ ಹಾಕಿ. ಹರಳಿನ ಒಂದು ಕಾಲು ನೇರ 11ಕ್ಕೆ, ಇನ್ನೊಂದು ಕಾಲು 330 ಕಿಲೋಓಮ್ ಮೂಲಕ 10ಕ್ಕೆ. ಹರಳಿನ ಎರಡೂ ಕಾಲುಗಳಿಂದ ಗ್ರೌಂಡ್‌ಗೆ ಒಂದೊಂದು 22 ಪಿಕೋಫ್ಯಾರಡ್. ಆ 330 ಕಿಲೋಓಮ್ ಬಿಡಬೇಡಿ. ಈ ಹರಳಿಗೆ ತಡೆಯಲಾಗುವುದು ಮೈಕ್ರೋವಾಟ್ ಲೆಕ್ಕದ ಶಕ್ತಿ ಮಾತ್ರ. ಕಾಲುಗಳು ಕೂದಲಿನಷ್ಟು ತೆಳು, ಬುಡದಲ್ಲಿ ಬಾಗಿಸಿದರೆ ಗಾಜಿನ ಬಳಿ ಮುರಿಯುತ್ತವೆ. ಬೆಸುಗೆ ಹಾಕುವಾಗ ಕಾಲನ್ನು ಚಿಮಟದಲ್ಲಿ ಹಿಡಿದು ಬೇಗ ಮುಗಿಸಿ.

ಓಡುತ್ತಿದೆಯೇ ಎಂದು ನೋಡಲು ಆಸಿಲೋಸ್ಕೋಪ್ ಬೇಕಿಲ್ಲ. 7ನೇ ಪಿನ್‌ನಲ್ಲಿ 2048 ಹರ್ಟ್ಜ್ ಸಿಗುತ್ತದೆ. ಅಲ್ಲಿಂದ ಗ್ರೌಂಡ್‌ಗೆ ಒಂದು ಪೀಜೋ ಬಿಲ್ಲೆ ಹಿಡಿದರೆ ಸಣ್ಣಗೆ ಕೀ ಎನ್ನುವುದು ಕಿವಿಗೇ ಕೇಳುತ್ತದೆ. ಕರೆಂಟ್ ಕೊಟ್ಟ ತಕ್ಷಣ ಕೇಳದಿದ್ದರೆ ಒಂದೆರಡು ಸೆಕೆಂಡು ಕಾಯಿರಿ, ಈ ಹರಳು ಏಳುವುದೇ ನಿಧಾನ. ಸ್ಕೋಪ್ ಇರುವವರು 10 ಅಥವಾ 11ನೇ ಪಿನ್ ಮುಟ್ಟಬೇಡಿ, ಪ್ರೋಬ್‌ನ ಕೆಪಾಸಿಟೆನ್ಸೇ ಆಸಿಲೇಟರನ್ನು ನಿಲ್ಲಿಸಬಹುದು. 9ರಲ್ಲಿ ನೋಡಿ.

ಶಬ್ದವೇ ಇಲ್ಲದಿದ್ದರೆ 12ನೇ ಪಿನ್ ನೋಡಿ, ಆಮೇಲೆ ಬೋರ್ಡ್ ತೊಳೆಯಿರಿ. 10 ಮೆಗಾಓಮ್ ಸುತ್ತ ಅಂಟಿದ ಫ್ಲಕ್ಸ್ ಮಳೆಗಾಲದ ತೇವ ಹೀರಿ ವಿದ್ಯುತ್ ಸೋರಿಸುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆ ಬ್ರಷ್ ಸಾಕು. ಬ್ರೆಡ್‌ಬೋರ್ಡ್‌ನಲ್ಲಿ ಕಟ್ಟಿದ್ದರೆ ಹರಳನ್ನು ಐಸಿಗೆ ಒತ್ತಿ ಕೂರಿಸಿ.

3ನೇ ಪಿನ್‌ನಲ್ಲಿ ಸೆಕೆಂಡಿಗೆ ಎರಡು ಪಲ್ಸ್ ಬರುತ್ತದೆ. 10 ಕಿಲೋಓಮ್ ಮೂಲಕ ಬಿಸಿ547 ಟ್ರಾನ್ಸಿಸ್ಟರ್‌ಗೆ ಕೊಟ್ಟು ಎಲ್‌ಇಡಿ ಮಿನುಗಿಸಿ. ಒಂದೇ ಪಲ್ಸ್ ಬೇಕೆಂದರೆ ಸಿಡಿ4013 ಎಂಬ ಇನ್ನೊಂದು ಐಸಿಯಲ್ಲಿ ಮತ್ತೊಮ್ಮೆ ಅರ್ಧ ಮಾಡಿ: ಅದರ 3ಕ್ಕೆ ಪಲ್ಸ್, 2 ಮತ್ತು 5 ಒಟ್ಟಿಗೆ, 4 ಮತ್ತು 6 ಗ್ರೌಂಡ್‌ಗೆ, ಫಲ 1ರಲ್ಲಿ. ಸಪ್ಲೈ ಪ್ಲಸ್ 14ಕ್ಕೆ, ಗ್ರೌಂಡ್ 7ಕ್ಕೆ. ಬಳಸದ 8ರಿಂದ 11ರವರೆಗಿನ ಪಿನ್‌ಗಳೂ ಗ್ರೌಂಡ್‌ಗೇ.

ಇನ್ನು ನಿಖರತೆ. ಎರಡು 22 ಸರಣಿಯಲ್ಲಿ 11 ಆಗುತ್ತದೆ. ಬೋರ್ಡ್, ಐಸಿಗಳ ಎರಡು ಮೂರು ಪಿಕೋಫ್ಯಾರಡ್ ಕೂಡಿದರೆ 13, 14. ಹೆಚ್ಚಿನ ಹರಳುಗಳು ಕೇಳುವುದು 12.5. ಈ ಒಟ್ಟು ಕೆಪಾಸಿಟೆನ್ಸೇ ಹರಳಿನ ಲೋಡ್. ಅದು ಹೆಚ್ಚಾದಷ್ಟೂ ಹರಳು ನಿಧಾನ. ಹಾಗಾಗಿ 11ನೇ ಪಿನ್ ಕಡೆಯ ಕೆಪಾಸಿಟರ್ ತೆಗೆದು 5ರಿಂದ 30 ಪಿಕೋಫ್ಯಾರಡ್ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಕೆಪಾಸಿಟರ್) ಹಾಕಿ, ಈ ಪಲ್ಸ್‌ನಿಂದ ಓಡುವ ಗಡಿಯಾರವನ್ನು ಒಂದು ವಾರ ಮೊಬೈಲ್ ಸಮಯದ ಜೊತೆ ಹೋಲಿಸಿ. ಮುಂದೆ ಓಡಿದರೆ ಕೆಪಾಸಿಟೆನ್ಸ್ ಹೆಚ್ಚಿಸಿ, ಹಿಂದೆ ಬಿದ್ದರೆ ಇಳಿಸಿ. ಪ್ಲಾಸ್ಟಿಕ್ ಸ್ಕ್ರೂಡ್ರೈವರನ್ನೇ ಬಳಸಿ.

ಹೊಂದಿಸುವ ಕೆಲಸವನ್ನು ಏಪ್ರಿಲ್‌ನಲ್ಲಿ ಮಾಡಬೇಡಿ. ಈ ಹರಳು ಸರಿಯಾಗಿ ನಡೆಯುವುದು ಸುಮಾರು 25 ಡಿಗ್ರಿಯಲ್ಲಿ, ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. ಮಂಡ್ಯದ 38 ಡಿಗ್ರಿ ಬಿಸಿಲಿನ ಕೋಣೆಯಲ್ಲಿ ದಿನಕ್ಕೆ ಅರ್ಧ ಸೆಕೆಂಡು ಹಿಂದೆ ಬೀಳುತ್ತದೆ. ಮಳೆ ಹಿಡಿದು ಸೆಕೆ ಇಳಿದ ಮೇಲೆ ಹೊಂದಿಸಿ, ಬಿಸಿಯಾಗುವ ರೆಗ್ಯುಲೇಟರನ್ನು ಹರಳಿನಿಂದ ದೂರ ಇಡಿ.