ಪ್ಲೇಟ್ ಕ್ಯಾಮೆರಾ: ನಾನು ಮೊದಲು ನೋಡೋದು ಬೆನ್ನು

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ ಹಳೇ ಬೀಗಗಳ ರಾಶಿ ಪಕ್ಕ ಕಪ್ಪು ಚರ್ಮದ ಚಪ್ಪಟೆ ಪೆಟ್ಟಿಗೆಯೊಂದು ಬಿದ್ದಿತ್ತು. ಮುಚ್ಚಳ ಇಳಿಸಿ ಲೆನ್ಸನ್ನು ಮುಂದಕ್ಕೆಳೆದೆ. ಹಾರ್ಮೋನಿಯಂ ತಿದಿಯ ಹಾಗೆ ಬೆಲ್ಲೋಸ್ ಬಿಚ್ಚಿಕೊಂಡಿತು. ಝೈಸ್ ಇಕಾನ್ ಕಂಪನಿಯ ಮ್ಯಾಕ್ಸಿಮಾರ್ ಕ್ಯಾಮೆರಾ, ಫಿಲ್ಮ್ ರೋಲ್ ಬದಲು 9x12 ಸೆಂ.ಮೀ. ಗಾಜಿನ ಪ್ಲೇಟ್ ಮೇಲೆ ಫೋಟೋ ತೆಗೆಯುವಂಥದ್ದು.

"ನೂರಿಪ್ಪತ್ತು ವರ್ಷದ್ದು ಸಾರ್, ಆರು ಸಾವಿರ ಕೊಡಿ" ಅಂದರು ಮಾರುವವರು.

ವರ್ಷದ ಲೆಕ್ಕ ಅಲ್ಲೇ ತಪ್ಪಿತ್ತು. ಇಕಾ, ಎರ್ನೆಮನ್, ಗೋರ್ಟ್ಸ್, ಕಾಂಟೆಸಾ-ನೆಟ್ಟೆಲ್ ಅನ್ನೋ ನಾಲ್ಕು ಕ್ಯಾಮೆರಾ ಕಂಪನಿ ಒಂದಾಗಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಝೈಸ್ ಇಕಾನ್ ಹುಟ್ಟಿದ್ದೇ 1926ರಲ್ಲಿ. ಅದಕ್ಕಿಂತ ಹಳೇದಿರೋಕೆ ಸಾಧ್ಯವೇ ಇಲ್ಲ ಅಲ್ವಾ? ಚೌಕಾಸಿ ಮಾಡಿ 3,500ಕ್ಕೆ ತಂದೆ.

ಜಾಣತನ ಅಲ್ಲಿಗೇ ಮುಗಿಯಿತು. ಕ್ಯಾಮೆರಾದ ಬೆನ್ನಲ್ಲಿ ಫೋಕಸ್ ನೋಡುವ ಮಸುಕು ಗಾಜು ಇತ್ತು, ಆದರೆ ಆ ಜಾಗಕ್ಕೆ ಕೂರಿಸುವ ಪ್ಲೇಟ್ ಹೋಲ್ಡರ್, ಅಂದರೆ ಪ್ಲೇಟನ್ನು ಬೆಳಕು ಬೀಳದ ಹಾಗೆ ಇಡುವ ತೆಳು ಡಬ್ಬಿ, ಒಂದೂ ಇರಲಿಲ್ಲ. ಸಿಕ್ಕೇ ಸಿಗುತ್ತೆ ಅಂದುಕೊಂಡು ಬೇರೆ ಕಡೆ ಮೂರು ಕೊಂಡೆ. ಅವೂ 9x12 ಅಳತೆಯವೇ. ಆದರೆ ಅಂಚಿನ ತಗಡು ಕ್ಯಾಮೆರಾದ ಜಾಡಿನೊಳಗೆ ಇಳಿಯಲೇ ಇಲ್ಲ. ಒಂದೊಂದು ಕಂಪನಿ ಒಂದೊಂದು ಥರ ಮಡಿಸಿದೆ. ಸರಿಯಾದ ಹೋಲ್ಡರ್‌ಗಳು ಸಿಗುವ ಹೊತ್ತಿಗೆ ಕ್ಯಾಮೆರಾದ ಅರ್ಧಕ್ಕಿಂತ ಜಾಸ್ತಿ ದುಡ್ಡು ಅವಕ್ಕೇ ಹೋಗಿತ್ತು. ಈಗ ಹೋಲ್ಡರ್ ಸಮೇತ ಇದ್ದರೆ ಮಾತ್ರ ಪೂರ್ತಿ ಬೆಲೆ ಮಾತಾಡುತ್ತೇನೆ.

ಬೆಲ್ಲೋಸ್ ಪರೀಕ್ಷೆಗೆ ರಾತ್ರಿಯೇ ಒಳ್ಳೇದು. ಮನೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಹಿಂದಿನಿಂದ ಒಳಗೆ ಹಿಡಿದು, ಬೆಲ್ಲೋಸನ್ನು ಪೂರ್ತಿ ಎಳೆದು ಸುತ್ತಲೂ ನೋಡಬೇಕು. ಬೆಳಕು ನುಸುಳಿ ಫೋಟೋ ಕೆಡಿಸುವ ತೂತು ಸಾಮಾನ್ಯವಾಗಿ ಮಡಿಕೆಯ ಮೂಲೆಯಲ್ಲೇ. ನನ್ನದರಲ್ಲಿ ನಾಲ್ಕು ಚುಕ್ಕೆ ನಕ್ಷತ್ರದ ಹಾಗೆ ಹೊಳೆದವು. ಕಪ್ಪು ಫ್ಯಾಬ್ರಿಕ್ ಪೇಂಟ್ ತೆಳ್ಳಗೆ ಹಚ್ಚಿದೆ, ಒಣಗುವವರೆಗೂ ಮಡಿಸಲಿಲ್ಲ.

ಶಟರ್ ವಿಷಯದಲ್ಲಿ ಮಾತ್ರ ಕೆಟ್ಟೆ. ಲೆನ್ಸಿನ ಜೊತೆಗಿರುವ ಕಾಂಪರ್ ಅನ್ನೋ ಶಟರನ್ನು 1 ಸೆಕೆಂಡಿನ ವೇಗಕ್ಕೆ ಇಟ್ಟರೆ ತೆಗೆದ ಬಾಯಿ ಮುಚ್ಚುತ್ತಿರಲಿಲ್ಲ. ಹೊಲಿಗೆ ಮಷಿನ್ ಎಣ್ಣೆ ಒಂದೇ ಒಂದು ತೊಟ್ಟು ಬಿಟ್ಟೆ. ಎಣ್ಣೆ ಶಟರ್‌ನ ತೆಳ್ಳಗಿನ ಎಲೆಗಳಿಗೆ ಹರಡಿ ಇನ್ನೂ ಅಂಟಿಕೊಂಡವು. ಅವು ಒಣಗೇ ಇರಬೇಕಂತೆ. ಬಿಚ್ಚಿ ಒರೆಸಿಕೊಟ್ಟ ರಿಪೇರಿಯವರು ಬೈದೇ ದುಡ್ಡು ತಗೊಂಡರು.

ಇನ್ನು ಬೆಲೆ. ಕರಿ ಚರ್ಮದ 9x12 ಕ್ಯಾಮೆರಾಗಳು ಆಗ ರಾಶಿ ರಾಶಿ ತಯಾರಾದವು, ಹಾಗಾಗಿ ವಯಸ್ಸಿಗೆ ದುಡ್ಡಿಲ್ಲ. ಝೈಸ್‌ನ ಹೆಸರಾಂತ ಟೆಸಾರ್ ಲೆನ್ಸಿದ್ದು, ಗಾಜಲ್ಲಿ ಫಂಗಸ್ ಇಲ್ಲದಿದ್ದರೆ ಒಂದಿಷ್ಟು ಜಾಸ್ತಿ. ನಿಜವಾದ ದುಡ್ಡಿರೋದು ತೇಗದ ಮರ, ಹಿತ್ತಾಳೆಯ "ಟ್ರಾಪಿಕಲ್" ಮಾದರಿಗಳಿಗೆ. ನಮ್ಮಂಥ ಸೆಕೆಯ ಊರಲ್ಲಿ ಚರ್ಮ ಬೂಷ್ಟು ಹಿಡಿಯುತ್ತೆ ಅಂತಲೇ ಮಾಡಿದವು. ಬಜಾರ್‌ನಲ್ಲಿ ನನಗೆ ಇವತ್ತಿನವರೆಗೂ ಒಂದೂ ಕಂಡಿಲ್ಲ. ಹೊಂದದ ಆ ಮೂರು ಹೋಲ್ಡರ್ ಇನ್ನೂ ಡ್ರಾಯರ್‌ನಲ್ಲೇ ಇವೆ. ಅವಕ್ಕೆ ಸರಿಹೋಗುವ ಕ್ಯಾಮೆರಾ ಹುಡುಕುತ್ತಿದ್ದೇನೆ.